ಬೇರೆ ಗಾಡಿ ಹತ್ತದವನು

ಅಪ್ಪನ ಪದ್ಮಿನಿ ಕಾರನ್ನು ಅಣ್ಣ ಮಾರಿದ್ದರೆ ಗೌರೀಶ ಅವನನ್ನು ಕೊಲ್ಲುತ್ತಿರಲಿಲ್ಲ. ಮಾರುವುದರಲ್ಲಿ ಒಂದು ಮರ್ಯಾದೆ ಇದೆ. ಕೊಳ್ಳುವವನಿಗೆ ಆ ವಸ್ತುವಿನ ಮೇಲೆ ಆಸೆ ಇದೆ ಎಂದಾದರೂ ಅದರಿಂದ ಗೊತ್ತಾಗುತ್ತದೆ. ಪ್ರಭುದೇವ ಅದನ್ನು ಸುಮ್ಮನೆ ಕೊಟ್ಟುಬಿಟ್ಟಿದ್ದ.

ಕೊಟ್ಟದ್ದು ಶಿರಾದ ಹೈವೇಯಲ್ಲಿ ಹೋಟೆಲ್ ನಡೆಸುವ ತಿಪ್ಪೇಶನಿಗೆ. ತಿಪ್ಪೇಶ ಕಾರನ್ನು ನಡುವೆ ಕತ್ತರಿಸಿ, ಮುಂದಿನ ಅರ್ಧವನ್ನು ಹೋಟೆಲಿನ ಗೋಡೆಗೆ ಕೂರಿಸುವವನಿದ್ದ. ಗೋಡೆ ಒಡೆದುಕೊಂಡು ಕಾರು ಹೊರಗೆ ಬರುತ್ತಿರುವ ಹಾಗೆ ಕಾಣಬೇಕು, ಹೆಡ್‌ಲೈಟಿನೊಳಗೆ ಬಣ್ಣದ ಬಲ್ಬು ಉರಿಯಬೇಕು, ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ತಟ್ಟೆ ಇಡ್ಲಿ ತಿನ್ನಬೇಕು. ಹಿಂದಿನ ಅರ್ಧ ಏನಾಗುತ್ತದೆ ಎಂದು ಗೌರೀಶ ಕೇಳಿದಾಗ ಪ್ರಭುದೇವ ಅನ್ನ ಕಲೆಸುತ್ತಾ ಸ್ವಲ್ಪ ಯೋಚಿಸಿದ.

"ಹಿಂದಿಂದಾ? ಕೈ ತೊಳೆಯೋ ಜಾಗಕ್ಕೆ ಅಂದಿದ್ದ ಕಣ್ಲಾ. ಡಿಕ್ಕಿ ಒಳಗೆ ಸಿಂಕ್ ಕೂರಿಸ್ತಾನಂತೆ."

ಅದು ಪ್ರಭುದೇವನ ಮನೆ. ಅತ್ತಿಗೆ ಲೋಹಿತಾ ಬಡಿಸುತ್ತಿದ್ದಳು. ಗೌರೀಶನ ಎಲೆಯ ಮುಂದೆ ಬಂದವಳು ಅವನ ಮುಖ ನೋಡಿ ಸಾರಿನ ಸೌಟನ್ನು ಹಾಗೇ ಹಿಡಿದುಕೊಂಡಳು.

"ಅದನ್ನ ನಂಗೆ ಕೊಡು," ಎಂದ ಗೌರೀಶ.

"ಮಾತು ಕೊಟ್ಬುಟ್ಟಿದೀನಿ. ನಿಂಗ್ಯಾಕ್ಲಾ ಇನ್ನೊಂದು? ಓಡೋಕೊಂದೈತೆ, ಸಂಡಿಗೆ ಒಣಗಾಕೋಕೆ ಒಂದೈತೆ."

"ಅಪ್ಪನ ಕಾರು."

"ಅಪ್ಪ ಹೋಗಿ ಎಷ್ಟ್ ವರ್ಷ ಆತು? ಮಿಲ್ಲಿನ ಶೆಡ್ಡಲ್ಲಿ ಹೆಗ್ಗಣ ಸಾಕ್ಕೊಂಡು ನಿಂತೈತೆ. ನಾಲ್ಕ್ ಜನ ನೋಡ್ಲಿ ಬುಡು. ಬಸವ ಜಯಂತಿ ಆದ್ಮೇಲೆ ಲಾರಿ ಕಳಿಸ್ತಾನೆ."

ಗೌರೀಶ ಮಜ್ಜಿಗೆ ಕುಡಿದು ಎದ್ದ. ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ಕೈ ಒಡ್ಡಿದಾಗ ಅವನಿಗೆ ಡಿಕ್ಕಿಯೊಳಗಿನ ಸಿಂಕು ಕಾಣಿಸಿತು. ಕೈ ಒರೆಸಿಕೊಳ್ಳುವ ಹೊತ್ತಿಗೆ ತೀರ್ಮಾನ ಆಗಿತ್ತು. ಕಾರು ಅಣ್ಣನ ಹೆಸರಿನಲ್ಲಿತ್ತು. ಅಣ್ಣ ಇಲ್ಲದಿದ್ದರೆ ಅತ್ತಿಗೆಗೆ ಬರುತ್ತದೆ. ಅತ್ತಿಗೆ ಅದನ್ನು ಕತ್ತರಿಸಲು ಬಿಡುವವಳಲ್ಲ. ಬಸವ ಜಯಂತಿಗೆ ಇನ್ನೂ ಸಮಯವಿತ್ತು.

ಗೌರೀಶನ ಬದುಕನ್ನು ನಾಲ್ಕು ಕಾರುಗಳಲ್ಲಿ ಹೇಳಿ ಮುಗಿಸಬಹುದಿತ್ತು. ನಾಲ್ಕೂ ಫಿಯೆಟ್. ಮೊದಲನೆಯದು ಈ ಪದ್ಮಿನಿ. ಅಪ್ಪ ರೇಣುಕಯ್ಯ ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲು ನಡೆಸುತ್ತಿದ್ದ ಕಾಲದಲ್ಲಿ ತಂದ ಕೆನೆಬಣ್ಣದ ಕಾರು. ಊರಿನಲ್ಲಿ ಅದಕ್ಕೆ ಪದ್ಮಿನಿ ಎನ್ನುವವರೇ ಇರಲಿಲ್ಲ, ರೇಣುಕಯ್ಯನವರ ಫಿಯೆಟ್ ಎನ್ನುತ್ತಿದ್ದರು. ಸಿದ್ಧರಬೆಟ್ಟದ ರಸ್ತೆಯಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಗೌರೀಶ ಮೊದಲು ಸ್ಟೀರಿಂಗ್ ಹಿಡಿದದ್ದು ಅದರಲ್ಲೇ. ಪ್ರಭುದೇವ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ.

ಎರಡನೆಯದು ಉನೊ. ಪಾವಗಡದಿಂದ ಜ್ಯೋತಿಲಕ್ಷ್ಮಿಯನ್ನು ಮದುವೆಯಾಗಿ ಕರೆತಂದದ್ದು ಅದರಲ್ಲಿ. ಮೂರನೆಯದು ಪಾಲಿಯೊ. ಮಗಳು ಗಗನಾ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿ. ನಾಲ್ಕನೆಯದು ಕೆಂಪು ಲೀನಿಯಾ. ಅದನ್ನು ಕೊಂಡ ಕೆಲವು ವರ್ಷಗಳಿಗೆ ಕಂಪನಿ ಈ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಗೌರೀಶನಿಗೆ ಕಂಪನಿಯ ಮೇಲೆ ಬೇಸರವಾಗಲಿಲ್ಲ. ದೇಶಕ್ಕೆ ಯೋಗ್ಯತೆ ಇರಲಿಲ್ಲ ಎಂದುಕೊಂಡ. ಬಿಡಿಭಾಗಕ್ಕೆ ಇರಲಿ ಎಂದು ಶಿರಾದ ಗುಜರಿಯಿಂದ ಕೆಟ್ಟುನಿಂತ ಇನ್ನೊಂದು ಲೀನಿಯಾವನ್ನು ಎಳೆಸಿ ತಂದು ಹಿತ್ತಲಲ್ಲಿ ನಿಲ್ಲಿಸಿದ. ಜ್ಯೋತಿಲಕ್ಷ್ಮಿ ಸಂಡಿಗೆ ಹಾಕುತ್ತಿದ್ದದ್ದು ಅದರ ಬಾನೆಟ್ಟಿನ ಮೇಲೆ.

ಫಿಯೆಟ್ಟೇ ಯಾಕೆ ಎಂದು ಕೇಳುವವರು ಕಡಿಮೆಯಾಗಿದ್ದರು, ಏಕೆಂದರೆ ಅವನು ಉತ್ತರ ಹೇಳುತ್ತಿದ್ದ. ಬಾಗಿಲು ಹಾಕಿದಾಗ ಬರುವ ಗಟ್ಟಿ ಸದ್ದು, ತಿರುವಿನಲ್ಲಿ ನೆಲ ಕಚ್ಚುವ ರೀತಿ, ಇಂಡಿಕೇಟರನ್ನು ಎಡಗೈಗೆ ಕೊಟ್ಟಿರುವ ಸಂಸ್ಕಾರ, ಸೀಟಿನ ಹೊಲಿಗೆ, ಕಬ್ಬಿಣದ ದಪ್ಪ. ಅವನ ಮೋಟಾರು ಪಂಪಿನ ಅಂಗಡಿಗೆ ಬಂದ ಗಿರಾಕಿಗಳು ಇದೆಲ್ಲವನ್ನೂ ಕೇಳಿಯೇ ಪಂಪು ಕೊಂಡುಹೋಗಬೇಕಿತ್ತು.

ಬೇರೆ ಕಂಪನಿಯ ಕಾರನ್ನು ಅವನು ಹತ್ತುತ್ತಿರಲಿಲ್ಲ. ಇದು ಮಧುಗಿರಿಯಿಂದ ಪಾವಗಡದವರೆಗೆ ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಸೋದರತ್ತೆ ತೀರಿಕೊಂಡ ದಿನ ಲೀನಿಯಾ ರಿಪೇರಿಗೆ ಹೋಗಿತ್ತು. ಎಲ್ಲರೂ ಯಾರ್ಯಾರದೋ ಕಾರು ಹತ್ತಿ ಹೊರಟರು. ಗೌರೀಶ ಬಸ್ಸಿಗೆ ಕಾದು ಹೋದ. ಹೋಗುವಷ್ಟರಲ್ಲಿ ಮಣ್ಣಾಗಿತ್ತು. ನೆರೆಮನೆಯ ನರಸಿಂಹರಾಜು ಹೊಸದಾಗಿ ಬಿಳಿ ಆಲ್ಟೊ ತಂದಾಗ, ಓಡಿಸಿ ನೋಡು ಎಂದು ಬಲವಂತ ಮಾಡಿ ಕೂರಿಸಿದ್ದ. ಗೌರೀಶ ಎರಡು ಬೀದಿ ಓಡಿಸಿ, ಮೂರನೆಯ ಬೀದಿಯಲ್ಲಿ ಕೀ ಕೊಟ್ಟು ಇಳಿದು ನಡೆದುಕೊಂಡೇ ಮನೆಗೆ ಬಂದ. ಈ ಕತೆಗಳನ್ನು ಹೇಳಿ ಜನ ನಗುತ್ತಿದ್ದರು. ಗೌರೀಶನೂ ನಗುತ್ತಿದ್ದ. ಒಂದು ವಿಷಯದಲ್ಲಾದರೂ ತನ್ನನ್ನು ಜನ ಕಣ್ಣು ಮುಚ್ಚಿ ನಂಬುತ್ತಾರೆ ಎನ್ನುವುದು ಅವನಿಗೆ ಸಮಾಧಾನ ಕೊಡುತ್ತಿತ್ತು.

ಯೋಜನೆ ಹುಟ್ಟಿದ್ದು ಆ ನಂಬಿಕೆಯಿಂದಲೇ. ಕೆಂಪು ಲೀನಿಯಾ ಎಲ್ಲಿ ನಿಂತಿದೆಯೋ ಗೌರೀಶ ಅಲ್ಲಿದ್ದಾನೆ. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಬಿಳಿ ಆಲ್ಟೊದಲ್ಲಿ ಯಾರು ಬೇಕಾದರೂ ಇರಬಹುದು, ಗೌರೀಶನನ್ನು ಬಿಟ್ಟು.

ಆ ಆಲ್ಟೊದ ಎರಡನೆಯ ಕೀ ಅವನ ಮನೆಯ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ನರಸಿಂಹರಾಜುವೇ ತಂದು ಕೊಟ್ಟಿದ್ದ.

"ನನ್ ಹೆಂಡ್ತಿ ಹತ್ರ ಇದ್ರೆ ಕಳೀತಾಳೆ. ತಮ್ಮನ ಹತ್ರ ಇದ್ರೆ ಫ್ರೆಂಡ್ಸ್ ಹತ್ತಿಸ್ಕೊಂಡು ತಿರುಪತಿಗೆ ಹೋಗ್ತಾನೆ. ನಿನ್ ಹತ್ರ ಇರ್ಲಪ್ಪ. ಈ ತಾಲ್ಲೂಕಲ್ಲಿ ಇದನ್ನ ಮುಟ್ಟದೇ ಇರೋನು ನೀನೊಬ್ನೇ."

ನರಸಿಂಹರಾಜು ತುಮಕೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಕೊರಟಗೆರೆಯವರೆಗೆ ಕಾರಿನಲ್ಲಿ ಹೋಗಿ, ಬಸ್‌ಸ್ಟ್ಯಾಂಡಿನ ಹಿಂದಿನ ಹುಣಸೆಮರದ ಕೆಳಗೆ ಅದನ್ನು ನಿಲ್ಲಿಸಿ, ಅಲ್ಲಿಂದ ಸಹೋದ್ಯೋಗಿಗಳ ಜೊತೆ ಬಸ್ಸು ಹಿಡಿಯುತ್ತಿದ್ದ. ಸಂಜೆ ಬಂದು ಎತ್ತಿಕೊಂಡು ಹೋಗುತ್ತಿದ್ದ. ಪೆಟ್ರೋಲಿನ ಮುಳ್ಳು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕೆಂಪು ದೀಪ ಹತ್ತಿದ ಮೇಲೆಯೇ ಕಾರಿಗೂ ಹಸಿವಾಗುತ್ತದೆ ಎಂದು ಅವನಿಗೆ ನೆನಪಾಗುವುದು.

ಇನ್ನು ಜಾಗ. ಪುರವರದ ಹತ್ತಿರ ಅವರದೊಂದು ತೋಟವಿತ್ತು. ಅಪ್ಪನನ್ನು ಮಣ್ಣು ಮಾಡಿ ಕಟ್ಟಿಸಿದ ಗದ್ದುಗೆ ಅಲ್ಲೇ. ಪ್ರಭುದೇವ ಪ್ರತಿ ಸೋಮವಾರ ಮಧ್ಯಾಹ್ನದ ಮುಂಚೆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ಗದ್ದುಗೆಗೆ ಪತ್ರೆ ಏರಿಸಿ, ಆಮೇಲೆ ಬಾವಿಯ ಹತ್ತಿರ ಬರುತ್ತಿದ್ದ. ಮನೆಯಲ್ಲಿ ವಾರವಿಡೀ ಪೂಜೆ ಮಾಡಿ ತೆಗೆದ ಹೂವು ಪತ್ರೆಯನ್ನು ಒಂದು ಚೀಲದಲ್ಲಿ ಕೂಡಿಟ್ಟು ತರುತ್ತಿದ್ದ. ತುಳಿಯುವ ಕಡೆ ಅದನ್ನು ಹಾಕಬಾರದು, ಬಾವಿಗೆ ಹಾಕಬೇಕು ಎನ್ನುವುದು ಅಪ್ಪನ ಕಾಲದ ಪದ್ಧತಿ. ಹಿಂದೆ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದಾಗಿನ ಎರಡು ಚಪ್ಪಡಿ ಕಲ್ಲುಗಳು ಬಾವಿಯ ಒಳಕ್ಕೆ ಚಾಚಿಕೊಂಡಿದ್ದವು. ಕಟ್ಟೆ ಇರಲಿಲ್ಲ. ಪ್ರಭುದೇವ ಚಪ್ಪಲಿ ಬಿಟ್ಟು ಆ ಚಪ್ಪಡಿಯ ತುದಿಗೆ ಹೋಗಿ, ಕಣ್ಣು ಮುಚ್ಚಿ, ಚೀಲ ಬೋರಲು ಹಾಕುತ್ತಿದ್ದ. ಬಾವಿಯಲ್ಲಿ ನೀರಿದ್ದದ್ದು ಅಪ್ಪನ ಕಾಲದಲ್ಲಿ. ಈಗ ತಳದಲ್ಲಿ ಬಂಡೆ, ಬಂಡೆಯ ಮೇಲೆ ಒಣಗಿದ ಹೂವು.

ಆ ಚಪ್ಪಡಿಯ ಮೇಲೆ ನಿಲ್ಲಬೇಡಿ ಎಂದು ಲೋಹಿತಾ ಮದುವೆಯಾದ ವರ್ಷದಿಂದ ಹೇಳುತ್ತಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು. ಅಂದರೆ ಅಪಘಾತಕ್ಕೆ ಸಾಕ್ಷಿ ಈಗಾಗಲೇ ತಯಾರಾಗಿತ್ತು.

ದಿನವನ್ನು ಗೌರೀಶ ಅವಸರವಿಲ್ಲದೆ ಆರಿಸಿದ. ದೂರದ ನೆಂಟರ ಮನೆಯ ಮದುವೆ, ಕೊರಟಗೆರೆಯ ಕಲ್ಯಾಣಮಂಟಪದಲ್ಲಿ, ಸೋಮವಾರ. ಪ್ರಭುದೇವ ಹಿಂದಿನ ದಿನದ ಆರತಕ್ಷತೆಗೆ ಹೋಗಿ ಬರುತ್ತಾನೆ, ಗದ್ದುಗೆಯ ಪೂಜೆ ತಪ್ಪಿಸುವವನಲ್ಲ. ಯುಗಾದಿಯಿಂದ ಈಚೆಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ತೋಟದ ದಾರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಂದು ಸಂಜೆ ಗದ್ದುಗೆಗೆ ನಮಸ್ಕಾರ ಮಾಡುವ ನೆಪದಲ್ಲಿ ಹೋಗಿ, ಲೀನಿಯಾವನ್ನು ಹಿಂದೆ ಮುಂದೆ ಓಡಿಸಿ, ಇಳಿದು ನೋಡಿದ. ಟೈರಿನ ಗುರುತು ಇರಲಿಲ್ಲ. ಒಣ ಬೇಸಿಗೆಯನ್ನು ಆರಿಸಿಕೊಂಡ ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಯಾರಾದರೂ ಬಿಳಿ ಕಾರನ್ನು ಕಂಡರೆ? ಕಾಣಲಿ. ತಿರುಮಣಿಯಲ್ಲಿ ಸೋಲಾರ್ ಪಾರ್ಕ್ ಆದ ಮೇಲೆ ಗುತ್ತಿಗೆಗೆ ಜಮೀನು ಕೇಳುವ ದಲ್ಲಾಳಿಗಳು ಈ ಕಡೆಗೂ ಬರತೊಡಗಿದ್ದರು. ಎಲ್ಲರದೂ ಬಿಳಿ ಕಾರು. ಒಬ್ಬ ದಲ್ಲಾಳಿ ಬಂದಿದ್ದ, ಮಾತಾಡಿದ, ಹೋದ. ಅವನು ಹೋದ ಮೇಲೆ ಪ್ರಭುದೇವ ಕಾಲು ಜಾರಿದ. ಆ ದಲ್ಲಾಳಿಯನ್ನು ಹುಡುಕುತ್ತಾ ಪೊಲೀಸರು ಮಳೆಗಾಲದವರೆಗೆ ಓಡಾಡಬಹುದು.

ಸೋಮವಾರ ಅವನು ಲೀನಿಯಾವನ್ನು ಮಂಟಪದ ಬಾಗಿಲಿಗೆ ಎದುರಾಗಿ, ಆದರೆ ಯಾರಿಗೂ ಅಡ್ಡವಾಗದ ಹಾಗೆ ನಿಲ್ಲಿಸಿದ. ಕಾರು ತೆಗೆಯಿರಿ ಎಂದು ಮೈಕಿನಲ್ಲಿ ಕೂಗಿಸಿಕೊಳ್ಳುವ ಸಂದರ್ಭ ಬರಬಾರದು. ಮೊಬೈಲನ್ನು ಕಾರಿನೊಳಗೇ ಚಾರ್ಜಿಗೆ ಹಾಕಿದ. ಜ್ಯೋತಿಲಕ್ಷ್ಮಿ ಹೆಂಗಸರ ಕಡೆ ಹೋದಳು. ಮುಹೂರ್ತಕ್ಕೆ ಅವನು ವಿಡಿಯೋದವನ ದೀಪ ಮುಖಕ್ಕೆ ಬೀಳುವ ಕಡೆ ನಿಂತು ಅಕ್ಷತೆ ಹಾಕಿದ. ವರನ ತಂದೆಯ ಕೈ ಹಿಡಿದು, ಬಿಡುವುದು ಸ್ವಲ್ಪ ತಡ ಮಾಡಿದ. ಆಮೇಲೆ ಕೈ ತೊಳೆಯುವ ಕಡೆಯ ಬಾಗಿಲಿನಿಂದ ಹೊರಗೆ ಬಂದ. ಮದುವೆಯ ಮನೆಯಲ್ಲಿ ಒಬ್ಬ ಮನುಷ್ಯ ಕಾಣದಿದ್ದರೆ ಅವನು ಊಟಕ್ಕೆ ಕುಳಿತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಹುಣಸೆಮರದ ಕೆಳಗೆ ಆಲ್ಟೊ ನಿಂತಿತ್ತು. ಗೌರೀಶ ಟೋಪಿ ಹಾಕಿಕೊಂಡು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡ. ಆ ಧೂಳಿನಲ್ಲಿ ಅರ್ಧ ಊರು ಹಾಗೇ ಓಡಾಡುತ್ತಿತ್ತು. ಬಾಗಿಲು ಹಾಕಿದಾಗ ಡಬ್ಬದ ಮುಚ್ಚಳದ ಸದ್ದಾಯಿತು. ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ಅಂದು ಮಾಡಬೇಕಾಗಿದ್ದ ಕೆಲಸಗಳಲ್ಲಿ ಅವನಿಗೆ ಕಷ್ಟ ಎನಿಸಿದ್ದು ಇದೊಂದೇ.

ಅವನು ನಿಧಾನವಾಗಿ ಓಡಿಸಿದ. ನಿಯಮ ಮುರಿಯುವವರು ಸಿಕ್ಕಿಬೀಳುತ್ತಾರೆ, ತಾನು ಮುರಿಯುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದ. ಸೀಟ್ ಬೆಲ್ಟ್ ಹಾಕಿದ್ದ. ರೋಡ್ ಹಂಪುಗಳಲ್ಲಿ ನಿಧಾನಿಸಿದ. ಯಾರೂ ಇಲ್ಲದ ತಿರುವಿನಲ್ಲೂ ಕೈ ತಾನಾಗಿಯೇ ಸಿಗ್ನಲ್ಲಿಗೆ ಹೋಯಿತು. ಈ ಕಾರಿನಲ್ಲಿ ಯಾವುದೂ ಇರಬೇಕಾದ ಕಡೆ ಇರಲಿಲ್ಲ. ಒಂದೆರಡು ಸಲ ಕೈ ತಪ್ಪಿತು, ಸರಿಮಾಡಿಕೊಂಡ. ಜನ ಇಂಥದ್ದನ್ನು ಸಾಲ ಮಾಡಿ ಕೊಳ್ಳುತ್ತಾರೆ ಎಂದುಕೊಂಡ.

ತೋಟಕ್ಕೆ ತಿರುಗುವ ಕಡೆ ಹೊಂಗೆಮರದ ನೆರಳಿನಲ್ಲಿ ಚಿಕ್ಕಹನುಮಕ್ಕ ಕುಳಿತಿದ್ದಳು. ಪಕ್ಕದ ಹೊಲಗಳಲ್ಲಿ ಮೇಕೆ ಮೇಯಿಸುವ ಮುದುಕಿ. ಅವಳು ತಲೆಯೆತ್ತಿ ಕಾರನ್ನು ನೋಡಿದಳು. ಗೌರೀಶ ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇದ್ದ. ಅವಳಿಗೆ ಓದಲು ಬರುವುದಿಲ್ಲ. ಗಾಜಿನ ಮೇಲೆ ಬಿಸಿಲಿತ್ತು. ಅವಳು ಕಂಡದ್ದು ಒಂದು ಬಿಳಿ ಕಾರು, ಅಷ್ಟೇ.

ಪ್ರಭುದೇವ ಚಪ್ಪಡಿಯ ಮೇಲೆ ನಿಂತಿದ್ದ. ಚೀಲ ಕೈಯಲ್ಲಿತ್ತು, ಹಣೆಯ ಮೇಲೆ ವಿಭೂತಿ. ಕಾರಿನ ಸದ್ದಿಗೆ ತಿರುಗಿದ. ಮೊದಲು ಕಾರನ್ನು ನೋಡಿದ, ಆಮೇಲೆ ಇಳಿದು ಬರುತ್ತಿದ್ದ ತಮ್ಮನನ್ನು ನೋಡಿದ. ಕರ್ಚೀಫಿದ್ದರೂ ನಡಿಗೆ ಗುರುತು ಸಿಕ್ಕಿರಬೇಕು. ಅವನ ಮುಖದಲ್ಲಿ ಭಯವಾಗಲಿ ಅನುಮಾನವಾಗಲಿ ಇರಲಿಲ್ಲ.

"ಲೇ, ಇದ್ರಾಗೆ ಬಂದ್ಯಾ?" ಎಂದ. "ಆಲ್ಟೊದಾಗೆ? ನೀನು?"

ಗೌರೀಶ ನಡೆದುಕೊಂಡು ಬರುತ್ತಲೇ ಇದ್ದ.

"ಅಪ್ಪ ಇರ್ಬೇಕಿತ್ತು ಕಣ್ಲಾ ಇದ್ನ ನೋಡಕ್ಕೆ," ಎಂದು ಪ್ರಭುದೇವ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಸ್ವಲ್ಪ ಬಾಗಿ, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೆಯೇ.

ಆ ನಗು ಕೆಲಸವನ್ನು ಸುಲಭ ಮಾಡಿತು. ಒಂದು ಅಂಗೈ ಸಾಕಾಯಿತು. ಚೀಲವೂ ಜೊತೆಗೇ ಹೋಯಿತು. ಸ್ವಲ್ಪ ಹೊತ್ತು ಹೂವಿನ ಎಸಳುಗಳು ಬಾವಿಯ ಬಾಯಲ್ಲಿ ತೇಲುತ್ತಾ ಇದ್ದವು, ಕೆಳಗಿನಿಂದ ಬಿಸಿ ಗಾಳಿ ಬರುತ್ತಿತ್ತು. ಗೌರೀಶ ಬಗ್ಗಿ ನೋಡಿದ, ಎರಡನೆಯ ಸಲ ನೋಡಬೇಕಾಗಿರಲಿಲ್ಲ. ಅಣ್ಣನ ಚಪ್ಪಲಿಗಳು ಜೋಡಿಯಾಗಿದ್ದವು. ಅವುಗಳನ್ನು ಮುಟ್ಟಲಿಲ್ಲ. ಗದ್ದುಗೆಯ ಕಡೆ ನೋಡಲಿಲ್ಲ.

ಹುಣಸೆಮರದ ಕೆಳಗೆ ಕಾರನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿದ. ಸೀಟು ಹಿಂದಕ್ಕೆ ಸರಿಸಿದ್ದನ್ನು ಮುಂದಕ್ಕೆ ಸರಿಸಿದ. ಸ್ಟೀರಿಂಗು, ಗೇರು, ಹಿಡಿಕೆ, ಸ್ಟೀರಿಂಗಿನ ಎಡಗಡೆಯ ಕಡ್ಡಿ, ಬಲಗಡೆಯ ಕಡ್ಡಿ, ಎಲ್ಲವನ್ನೂ ಕ್ರಮವಾಗಿ ಒರೆಸಿದ. ಮಂಟಪಕ್ಕೆ ಬಂದಾಗ ಊಟದ ಪಂಕ್ತಿ ಕುಳಿತಿತ್ತು. ಖಾಲಿ ಎಲೆಯ ಮುಂದೆ ಕುಳಿತು ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ವಿಡಿಯೋದವನು ಬಂದಾಗ ತಲೆ ಎತ್ತಿದ.

"ಎಲ್ರೀ ಹೋಗಿದ್ರಿ? ಫೋಟೊಕ್ಕೆ ಹುಡುಕಿದ್ವಿ," ಎಂದಳು ಜ್ಯೋತಿಲಕ್ಷ್ಮಿ ಆಮೇಲೆ.

"ಇಲ್ಲೇ ಇದ್ನಲ್ಲ."

"ಅದೇ, ಕಾರು ಇಲ್ಲೇ ಐತೆ, ಇಲ್ಲೇ ಎಲ್ಲೋ ಇರ್ತಾರೆ ಅಂತ ಹೇಳ್ದೆ."

ಇಷ್ಟು ಚೆನ್ನಾಗಿ ಅವನು ಹೇಳಿಕೊಟ್ಟಿದ್ದರೂ ಅವಳು ಹೇಳುತ್ತಿರಲಿಲ್ಲ.

ಚಿಕ್ಕಹನುಮಕ್ಕ ಸ್ಕೂಟರ್ ಕಂಡಳು, ಚಪ್ಪಲಿ ಕಂಡಳು, ಮನುಷ್ಯ ಕಾಣಲಿಲ್ಲ. ಬಾವಿಯಲ್ಲಿ ಇಣುಕಿ ಕೂಗಿಕೊಂಡಳು. ಸುದ್ದಿ ಬಂದಾಗ ಗೌರೀಶ ಇನ್ನೂ ಮಂಟಪದಲ್ಲೇ ಇದ್ದ. ಲೀನಿಯಾದಲ್ಲಿ ಮಧುಗಿರಿಗೆ ಹೊರಟ. ದಾರಿಯಲ್ಲಿ ಜ್ಯೋತಿಲಕ್ಷ್ಮಿ ಅಳುತ್ತಿದ್ದಳು. ಕಾರು ತಿರುವುಗಳಲ್ಲಿ ನೆಲ ಕಚ್ಚಿ ಹೋಗುತ್ತಿತ್ತು.

ಅಣ್ಣನ ಮನೆಯಲ್ಲಿ ಜನ ತುಂಬಿದ್ದರು. ಲೋಹಿತಾ ಅಳುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಕಾಫಿ ಸೋಸಿಟ್ಟಿದ್ದಳು. ಒಂದರ ಮೇಲೆ ತಟ್ಟೆ ಮುಚ್ಚಿತ್ತು. ಯಾರೋ ಅದನ್ನು ಚೆಲ್ಲಲು ಹೋದಾಗ, "ಇರ್ಲಿ ಬಿಡಿ, ಅವ್ರು ತಣ್ಣಗಾದ್ರೂ ಕುಡೀತಾರೆ," ಎಂದಳು. ಗೌರೀಶ ಹೊರಗೆ ಬಂದು ಪಕ್ಕದ ಮಿಲ್ಲಿನ ಶೆಡ್ಡಿನ ಕಡೆ ನೋಡಿದ. ಪದ್ಮಿನಿಯ ಮೂಗು ಕಾಣುತ್ತಿತ್ತು.

ಪ್ರಭುದೇವನನ್ನು ಅಪ್ಪನ ಪಕ್ಕದಲ್ಲಿ, ಪದ್ಮಾಸನದಲ್ಲಿ ಕೂರಿಸಿ ಮಣ್ಣು ಮಾಡಿದರು.

ಸಬ್ ಇನ್ಸ್‌ಪೆಕ್ಟರ್ ಚೇತನ್ ಕುಮಾರ್ ಚಿಕ್ಕ ವಯಸ್ಸಿನವನು, ಮಾತು ಮೆತ್ತಗೆ. ಕಾಲು ಜಾರಿರುವುದರಲ್ಲಿ ಅವನಿಗೂ ಅನುಮಾನವಿರಲಿಲ್ಲ. ಆ ಹೊತ್ತಿಗೆ ಒಂದು ಕಾರು ಬಂದು ಹೋಯಿತು ಎಂದು ಚಿಕ್ಕಹನುಮಕ್ಕ ಹೇಳಿದ್ದು ಮಾತ್ರ ಅವನನ್ನು ಕಾಡುತ್ತಿತ್ತು. ಬಾವಿಯ ಹತ್ತಿರ ಗೌರೀಶನ ಎದುರಿಗೇ ಚಿಕ್ಕಹನುಮಕ್ಕನನ್ನು ಕೇಳಿದ.

"ಯಾವ ಬಣ್ಣದ ಕಾರಮ್ಮ?"

"ಬಿಳೀದು ಸ್ವಾಮಿ."

"ಬಣ್ಣ ಸರಿ. ನಂಬರು?"

"ಅದ್ನ ಓದಾಕೆ ಬಂದಿದ್ರೆ ಮ್ಯಾಕೆ ಯಾಕ್ ಮೇಯಿಸ್ತಿದ್ದೆ?"

"ಒಳಗೆ ಯಾರಿದ್ರು?"

"ಬಿಸ್ಲು ಹೊಡೀತಿತ್ತು. ಕಾಣ್ಲಿಲ್ಲ."

ದಲ್ಲಾಳಿಗಳ ವಿಷಯವನ್ನು ಗೌರೀಶ ತಾನಾಗಿ ಎತ್ತಲಿಲ್ಲ. ಅಣ್ಣನ ಹತ್ತಿರ ಜಮೀನು ಕೇಳಲು ಯಾರಾದರೂ ಬರುತ್ತಿದ್ದರಾ ಎಂದು ಚೇತನ್ ಕುಮಾರನೇ ಕೇಳಿದ. ಗೌರೀಶ ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ, ಹೌದು, ತಿರುಮಣಿ ಕಡೆಯವರು ಯಾರೋ ಬಂದಿದ್ದರಂತೆ ಎಂದ. ಸಬ್ ಇನ್ಸ್‌ಪೆಕ್ಟರ್ ತಲೆಯಾಡಿಸಿದ.

"ನೀವು ಅವತ್ತು ಕೊರಟಗೆರೆ ಮದ್ವೇಲಿ ಇದ್ರಂತಲ್ಲ ಸಾರ್."

"ಹೌದು."

"ಕೇಳೋದು ನಮ್ಮ ಕೆಲ್ಸ, ತಪ್ಪು ತಿಳ್ಕೋಬೇಡಿ. ಆ ಕಡೆ ಪೇದೆ ಹೇಳ್ದ, ಕೆಂಪು ಫಿಯೆಟ್ ಬೆಳಗಿಂದ ಬಾಗ್ಲಲ್ಲೇ ಇತ್ತು ಅಂತ. ಅದೊಂದು ಕಾರು ಎಲ್ರಿಗೂ ಗೊತ್ತಿರುತ್ತೆ."

ಗೌರೀಶನಿಗೆ ಕಾರಿನ ಬಗ್ಗೆ ಪ್ರೀತಿ ಉಕ್ಕಿ ಬಂತು.

ಹನ್ನೊಂದನೆಯ ದಿನ ತೋಟದಲ್ಲೇ ಶಿವಗಣಾರಾಧನೆ ಮಾಡಿದರು. ಬಾವಿಗೆ ಮುಳ್ಳುಬೇಲಿ ಕಟ್ಟಿಸಿ, ಮರಗಳ ಕೆಳಗೆ ಶಾಮಿಯಾನ ಹಾಕಿಸಿದ್ದರು. ಐನೋರು ಬಂದು ಪೂಜೆ ಮುಗಿಸಿದರು. ಲೋಹಿತಾ ಗೌರೀಶನನ್ನು ಪಕ್ಕಕ್ಕೆ ಕರೆದು, ಪದ್ಮಿನಿಯ ಕೀಯನ್ನು ಅವನ ಅಂಗೈಯಲ್ಲಿ ಇಟ್ಟಳು. "ತಿಪ್ಪೇಶನಿಗೆ ಬೇಡ ಅಂತ ಹೇಳಿ ಕಳಿಸ್ದೆ. ನೀವೇ ಇಟ್ಕೊಳ್ಳಿ. ಅದನ್ನ ನೋಡ್ಕೊಂಡು ನಾನಿರಲಾರೆ," ಎಂದಳು. ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. ಗೌರೀಶ ಕೀಯನ್ನು ಜೇಬಿಗೆ ಹಾಕಿಕೊಂಡ. ಸ್ಪಾರ್ಕ್ ಪ್ಲಗ್ಗು ಬದಲಿಸಬೇಕು, ಟ್ಯಾಂಕು ತೊಳೆಸಬೇಕು, ಹೆಗ್ಗಣ ಓಡಿಸಬೇಕು ಎಂದುಕೊಂಡ.

ಅಷ್ಟರಲ್ಲಿ ಚೇತನ್ ಕುಮಾರ್ ಜೀಪಿನಲ್ಲಿ ಬಂದ. ದಲ್ಲಾಳಿಗಳನ್ನೆಲ್ಲ ವಿಚಾರಿಸಿದ್ದಾಯಿತು, ಆ ದಿನ ಯಾರೂ ಈ ಕಡೆ ಬಂದಿರಲಿಲ್ಲ, ಬಿಳಿ ಕಾರಿನ ಸುಳಿವೂ ಸಿಗಲಿಲ್ಲ, ಹಾಗಾಗಿ ಫೈಲು ಮುಗಿಸುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳಿ ಹೋಗಲು ಬಂದಿದ್ದ. ಪ್ರಸಾದ ಬೇಡ ಎನ್ನಬಾರದು ಎಂದು ಅವನನ್ನೂ ಪಂಕ್ತಿಯಲ್ಲಿ ಕೂರಿಸಿದರು. ಒಂದು ಕಡೆ ಗೌರೀಶ, ಇನ್ನೊಂದು ಕಡೆ ನರಸಿಂಹರಾಜು. ಚಿಕ್ಕಹನುಮಕ್ಕ ಪಂಕ್ತಿಯಿಂದ ಸ್ವಲ್ಪ ದೂರ, ಬೇವಿನ ಬುಡದಲ್ಲಿ ತಾನಾಗಿಯೇ ಎಲೆ ಹಾಕಿಕೊಂಡು ಕುಳಿತಿದ್ದಳು. ಹನ್ನೊಂದು ದಿನ ಕಳೆದಿದ್ದರಿಂದ ಜನ ಮೊದಲಿನ ಹಾಗೆ ಮಾತಾಡುತ್ತಿದ್ದರು.

"ನಿಮ್ಮ ಕಾರ್ ಬಿಡಿಭಾಗ ಸಿಗುತ್ತಾ ಸಾರ್ ಇನ್ನೂ?" ಎಂದು ಸಬ್ ಇನ್ಸ್‌ಪೆಕ್ಟರ್ ಹೋಳಿಗೆ ಮುರಿಯುತ್ತಾ ಕೇಳಿದ.

"ಹುಡುಕೋರಿಗೆ ಸಿಗುತ್ತೆ," ಎಂದ ಗೌರೀಶ.

"ಸಾರ್, ಇವ್ನನ್ನ ಕಾರಿನ ವಿಷಯ ಕೇಳ್ಬೇಡಿ, ಪಾಯ್ಸ ತಣ್ಣಗಾಗ್ತದೆ," ಎಂದ ನರಸಿಂಹರಾಜು. "ಫಿಯೆಟ್ ಬಿಟ್ರೆ ಪಲ್ಲಕ್ಕೀನೂ ಹತ್ತಲ್ಲ. ಒಂದ್ಸಲ ನನ್ ಆಲ್ಟೊ ಹತ್ತಿಸಿ ನಾನ್ ಪಟ್ಟಿದ್ದು ನಂಗೇ ಗೊತ್ತು."

"ಅದನ್ನೆಲ್ಲ ಈಗ್ಯಾಕೆ ಹೇಳ್ತೀಯ ಬುಡು," ಎಂದ ಗೌರೀಶ. ಹೇಳಲಿ ಎಂದೇ ಅವನಿಗೆ ಆಸೆ. ಫೈಲು ಮುಗಿಸುವವನ ಕಿವಿಗೆ ಇದು ಬೀಳುವುದಕ್ಕಿಂತ ಒಳ್ಳೆಯ ಮುಕ್ತಾಯ ಇರಲಿಲ್ಲ. ಕತೆಯ ಕೊನೆ ಅವನಿಗೆ ಇಷ್ಟ: ತಾನು ಇಳಿದು, ಕೀ ಕೊಟ್ಟು, ಬಿಸಿಲಲ್ಲಿ ನಡೆದು ಮನೆಗೆ ಹೋದದ್ದು.

"ಕೇಳಿ ಸಾರ್. ಏಪ್ರಿಲ್ ತಿಂಗಳು, ತಲೆ ಸಿಡಿಯೋ ಬಿಸ್ಲು. ಇವ್ನ ಫಿಯೆಟ್ಟಲ್ಲಿ ಸಿಗ್ನಲ್ ಕಡ್ಡಿ ಎಡಗಡೆ. ನಮ್ಮದ್ರಲ್ಲಿ ಎಡಗಡೆ ಇರೋದು ವೈಪರು. ಇಪ್ಪತ್ತ್ ವರ್ಷದ ಕೈ, ಎಲ್ಲಿ ಮಾತ್ ಕೇಳುತ್ತೆ? ತಿರುವು ಬಂದಂಗೆಲ್ಲ ಸಿಗ್ನಲ್ ಬದ್ಲು ವೈಪರ್ ಹಾಕ್ತಾನೆ. ಒಣ ಗಾಜಿನ ಮೇಲೆ ಕರ್ರ್ ಕರ್ರ್ ಅಂತ. ಬೀದಿ ಜನ ಎಲ್ಲ ಆಕಾಶ ನೋಡೋರೇ."

ಚೇತನ್ ಕುಮಾರ್ ನಕ್ಕ. ಅಕ್ಕಪಕ್ಕದವರು ನಕ್ಕರು. ನಗು ಪಂಕ್ತಿಯ ಉದ್ದಕ್ಕೂ ಹೋಗಿ, ಬೇವಿನ ಬುಡವನ್ನು ತಲುಪಿ, ಚಿಕ್ಕಹನುಮಕ್ಕನನ್ನೂ ಹಿಡಿಯಿತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಹೇಳಿದಳು: "ಅವತ್ ಬಂದಿದ್ ಬಿಳೀ ಕಾರೂ ಇಂಗೇ ಕಣಪ್ಪ. ತ್ವಾಟಕ್ ತಿರುಗ್ವಾಗ ಒಂದ್ ಕಿತ ಗಾಜು ಒರಸ್ಕಂತು, ವಾಪಸ್ ಬಂದು ರೋಡಿಗ್ ತಿರುಗ್ವಾಗ ಇನ್ನೊಂದ್ ಕಿತ. ನಾನೂ ಮ್ಯಾಕ್ ನೋಡ್ದೆ, ಒಂದ್ ಮೋಡ ಇಲ್ಲ." ಸಬ್ ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟ. ಇದನ್ನು ಅವತ್ತೇ ಯಾಕಮ್ಮ ಹೇಳಲಿಲ್ಲ ಎಂದು ಮೆತ್ತಗೆ ಕೇಳಿದ. "ನೀವ್ ಬಣ್ಣ ಕೇಳಿದ್ರಿ ಸ್ವಾಮಿ, ಬಣ್ಣ ಹೇಳ್ದೆ," ಎಂದಳು ಅವಳು. ಅವನು ನರಸಿಂಹರಾಜುವಿನ ಕಡೆ ತಿರುಗಿ, ನಿಮ್ಮ ಆಲ್ಟೊ ಯಾವ ಬಣ್ಣ ಸಾರ್, ಸೋಮವಾರ ಎಲ್ಲಿತ್ತು, ಇನ್ನೊಂದು ಕೀ ಯಾರ ಹತ್ತಿರ ಇರುತ್ತೆ ಎಂದು, ಉಪ್ಪು ಕೇಳುವಷ್ಟೇ ಸಹಜವಾಗಿ, ಒಂದಾದ ಮೇಲೊಂದು ಕೇಳಿದ. ಮೊದಲೆರಡಕ್ಕೆ ನರಸಿಂಹರಾಜು ಬಾಯಿಂದ ಉತ್ತರ ಹೇಳಿದ. ಮೂರನೆಯದಕ್ಕೆ, ನಗು ಇನ್ನೂ ನಿಂತಿರಲಿಲ್ಲವಾದ್ದರಿಂದ, ತುಪ್ಪದ ಕೈಯನ್ನು ಹಾಗೇ ಚಾಚಿ ಗೌರೀಶನ ಹೆಗಲ ಮೇಲೆ ಇಟ್ಟ.